ಎದೆನೋವಿನವರಿಗೆ ಉಸಿರಾಟವನ್ನೂ ಕಲಿಸಿ

ಮಾನ್ಯರೇ,

ಹೋದ ಸುಗ್ಗಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದೆ. ಎದೆ ಹಿಂಡಿದ ಹಾಗಾಯಿತು. ಕೈಯಲ್ಲಿದ್ದ ಅಡಿಕೆ ಮೆಟ್ಟುಕತ್ತಿಯ ಪಕ್ಕ ಉರುಳಿತು. ನನ್ನ ತಮ್ಮ ಜೀಪಿನಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಕರೆದೊಯ್ದ. ಇಸಿಜಿ, ಎಕೋ, ರಕ್ತಪರೀಕ್ಷೆ ಎಲ್ಲ ಸರಿ ಇತ್ತು. ‘ಹಾರ್ಟಿಗೆ ಏನೂ ಆಗಿಲ್ಲ, ಸುಮ್ನೆ ಹೆದರಬೇಡಿ’ ಎಂದು ಕಳಿಸಿದರು. ನೋವು ಮಾತ್ರ ಹೋಗಲಿಲ್ಲ. ಮತ್ತೆ ಎರಡು ಸಲ ಓಡಿದೆ.

ಮೂರನೇ ಸಲ ಒಬ್ಬರು ಡಾಕ್ಟರಮ್ಮ ಕೂರಿಸಿ ಮಾತಾಡಿಸಿದರು. ಅಡಿಕೆ ತೋಟದ ಎಲೆಚುಕ್ಕಿ ರೋಗ, ಸೊಸೈಟಿ ಸಾಲ ಎಲ್ಲ ಹೇಳಿಕೊಂಡೆ. ಹೆದರಿಕೆಗೆ ಉಸಿರು ಜೋರಾಗುತ್ತದೆ, ಎದೆಯ ಸ್ನಾಯು ಬಿಗಿಯುತ್ತದೆ, ನೋವು ಜಾಸ್ತಿಯಾಗುತ್ತದೆ, ಮತ್ತೆ ಹೆದರಿಕೆ ಎಂದರು. ಹೊಟ್ಟೆ ಉಬ್ಬುವಂತೆ ನಿಧಾನ ಉಸಿರು ತೆಗೆದುಕೊಳ್ಳುವುದು, ಮುಷ್ಟಿ ಬಿಗಿದು ಸಡಿಲ ಬಿಡುವುದು, ಹಾಗೇ ಭುಜ, ಕಾಲು ಎಂದು ಕಲಿಸಿದರು. ಸ್ನಾಯು ಬಿಗಿದು ಬಿಡುವುದು ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1920ರ ದಶಕದಲ್ಲೇ ರೂಪಿಸಿದ್ದ ಕ್ರಮವಂತೆ. ರಾತ್ರಿ ಜಗಲಿಯಲ್ಲಿ ಹತ್ತು ನಿಮಿಷ ಮಾಡುತ್ತೇನೆ. ನೋವು ಈಗ ಅಪರೂಪ.

ಎದೆನೋವು ಬಂದರೆ ಮೊದಲು ಆಸ್ಪತ್ರೆಗೇ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ಎಲ್ಲರದ್ದೂ ಹೆದರಿಕೆಯ ನೋವಲ್ಲ, ಹುಳಿತೇಗಿನಿಂದಲೂ ಬರುತ್ತದೆ. ಆದರೆ ‘ಏನೂ ಇಲ್ಲ’ ಎಂದು ಕಳಿಸಿದವನು ನೋವು ಹೊತ್ತೇ ಮನೆಗೆ ಹೋಗುತ್ತಾನೆ ಅಲ್ವಾ? ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಅಭ್ಯಾಸ ಕಲಿಸಲಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಬರೆದ ಒಂದು ಚೀಟಿಯನ್ನಾದರೂ ಕೈಗೆ ಕೊಡಲಿ.

– ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು