ಹೊಸ ಮೋಟಾರ್ ಆಮೇಲೆ, ಮೊದಲು ಕರೆಂಟ್ ಯೂನಿಟ್ ಲೆಕ್ಕ ಬರೆಯಿರಿ

ಸಂಪಾದಕರೇ,

ಹೋದ ವಾರ ನಮ್ಮ ಊರಿನ ನಲ್ಲಿಗಳಲ್ಲಿ ನಾಲ್ಕು ದಿನ ನೀರು ಬರಲಿಲ್ಲ. ಹೊಳೆ ಬದಿಯ ಪಂಪ್‌ಹೌಸಿನಲ್ಲಿ ಮೋಟಾರ್ ಸುಟ್ಟಿತ್ತು. ಈಗ ಎಲ್ಲರ ಬಾಯಲ್ಲೂ ಒಂದೇ ಮಾತು, ಇನ್ನೂ ಜಾಸ್ತಿ ಎಚ್‌ಪಿಯ ಹೊಸ ಮೋಟಾರ್ ತರಬೇಕು ಅಂತ. ಆ ಸುಟ್ಟ ಮೋಟಾರ್ ಬಂದದ್ದು ನನ್ನ ಅಂಗಡಿಗೆ. ಅದಕ್ಕೇ ಈ ಪತ್ರ.

ನಾನು 28 ವರ್ಷದಿಂದ ಮೋಟಾರ್ ರಿವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ, ಮಾಡಿಕೊಂಡು ಬಂದವನು. ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ತೋಟದವರೆಲ್ಲ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಟ್ಟಿದ ಪ್ರತಿ ಮೋಟಾರಿನ ಟರ್ಮಿನಲ್ ಬಾಕ್ಸ್ ಮುಚ್ಚಳದ ಒಳಗೆ ಪೇಂಟಿನಲ್ಲಿ ತಾರೀಖು ಬರೆಯುವುದು ನನ್ನ ಅಭ್ಯಾಸ. ಈ 50 ಎಚ್‌ಪಿ ಮೋಟಾರಿನ ಮುಚ್ಚಳ ಬಿಚ್ಚಿ ನೋಡಿದರೆ ಐದು ತಾರೀಖು. ಐದೂ ನನ್ನದೇ ಕೈಬರಹ. ಇದು ಆರನೇ ಸಲ.

ಹಳೇ ವೈಂಡಿಂಗ್ ತೆಗೆಯಲು ನಾವು ಬೆಂಕಿ ಹಚ್ಚುತ್ತೇವೆ. ಬಿಸಿ ಮಿತಿ ಮೀರಿದರೆ ಒಳಗಿನ ಸ್ಟಾಂಪಿಂಗ್ ತಗಡುಗಳ ನಡುವಿನ ಲೇಪ ಹಾಳಾಗುತ್ತದೆ. ಆಮೇಲೆ ಮೋಟಾರ್ ಓಡುತ್ತದೆ ನಿಜ, ಆದರೆ ಸುಮ್ನೆ ಬಿಸಿಯಾಗುತ್ತದೆ. ಒಂದೊಂದು ಸಲಕ್ಕೂ ಒಂದೆರಡು ಪರ್ಸೆಂಟ್ ಕರೆಂಟ್ ಹೀಗೆ ಕೈ ತಪ್ಪಿ ಹೋಗಬಹುದು. ಇದನ್ನು ಹೇಳಬೇಕಾದವನು ನಾನೇ ಅಲ್ವಾ?

ಆರು ಸಲ ಯಾಕೆ ಸುಡುತ್ತದೆ ಅಂತ ನೋಡಲು ಈ ಸಲ ಪಂಪ್‌ಹೌಸಿಗೇ ಹೋದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಸ್ಟ್ಯಾಂಡ್‌ಬೈ ಸೆಟ್ ಓಡಿಸಿಕೊಂಡು ಹೇಗೋ ಸುಧಾರಿಸುತ್ತಿದ್ದರು. ಎರಡೂ ಒಂದೇ ಥರದ ಪಂಪ್. ಪಂಪಿನಿಂದ ನೀರು ಹೊರಹೋಗುವ ಪೈಪಿನ ಡೆಲಿವರಿ ವಾಲ್ವ್ ಅರ್ಧಕ್ಕಿಂತ ಜಾಸ್ತಿ ಮುಚ್ಚಿತ್ತು. ಯಾರೂ ತಿರುಗಿಸಬಾರದು ಅಂತ ಅದರ ಚಕ್ರಕ್ಕೆ ಪ್ಲಾಸ್ಟಿಕ್ ಹಗ್ಗ ಬಿಗಿದಿದ್ದರು. ಆಪರೇಟರ್ ಹುಡುಗ ಹೇಳಿದ, "ಪೂರ್ತಿ ತೆರೆದರೆ ಆಂಪ್ಸ್ ಏರಿ ಟ್ರಿಪ್ ಆಗುತ್ತದೆ ಅಣ್ಣಾ, ನಾನು ಬರುವ ಮೊದಲಿಂದಲೂ ಹೀಗೇ ಕಟ್ಟಿದೆ." ವಾಲ್ವ್‌ಗಿಂತ ಈಚೆ, ಪಂಪ್ ಕಡೆ, ಒತ್ತಡದ ಗೇಜು 14 ಕೆಜಿ ತೋರಿಸುತ್ತಿತ್ತು. ಆಚೆ ಕಡೆ ನನ್ನದೇ ಗೇಜು ಹಾಕಿ ನೋಡಿದೆ, 10 ಕೆಜಿ. ಒಂದು ಕೆಜಿಗೆ ಸುಮಾರು 10 ಮೀಟರ್ ಲೆಕ್ಕ, ಅಂದರೆ ಪಂಪ್ ನೀರನ್ನು 140 ಮೀಟರ್ ಎತ್ತರಕ್ಕೆ ತಳ್ಳುವಷ್ಟು ದುಡಿಯುತ್ತಿದೆ, ಗುಡ್ಡದ ಮೇಲಿನ ಟ್ಯಾಂಕಿಗೆ ಬೇಕಾಗಿರುವುದು ಪೈಪಿನ ತಿಕ್ಕಾಟ ಸೇರಿಸಿಯೂ 100 ಮೀಟರ್. ಉಳಿದ 40 ಮೀಟರ್ ಕರೆಂಟು ಆ ವಾಲ್ವಿನ ಬಾಯಲ್ಲೇ ಖರ್ಚಾಗುತ್ತಿದೆ, ಹಗಲೂ ರಾತ್ರಿ. ಅಲ್ಲಿ ಕಿವಿಯಿಟ್ಟರೆ ಜಲ್ಲಿ ಕಲ್ಲು ಉರುಳಿದ ಹಾಗೆ ಸದ್ದು.

ಲೆಕ್ಕ ಕಷ್ಟದ್ದೇನಲ್ಲ. ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತಲು, ಎಲ್ಲೂ ನಷ್ಟವೇ ಇಲ್ಲದಿದ್ದರೆ, 0.27 ಯೂನಿಟ್ ಸಾಕು. ಒಳ್ಳೆಯ ಪಂಪ್, ಒಳ್ಳೆಯ ಮೋಟಾರ್ ಆದರೆ 0.40ರ ಸುತ್ತ ಆಗುತ್ತದೆ. ಆದರೆ 140 ಮೀಟರ್‌ಗೆ ತಳ್ಳಿಕೊಂಡು, ಪಂಪ್ ಮೋಟಾರ್ ಎರಡೂ ಸೇರಿ 60 ಪರ್ಸೆಂಟ್ ಮಾತ್ರ ಕೆಲಸ ಮಾಡಿದರೆ, 0.64 ಯೂನಿಟ್. ದಿನಕ್ಕೆ 10 ಲಕ್ಷ ಲೀಟರ್ ಎತ್ತುವ ಸಣ್ಣ ಪಟ್ಟಣಕ್ಕೆ ಇದರಿಂದಲೇ 240 ಯೂನಿಟ್ ಜಾಸ್ತಿ. ವರ್ಷಕ್ಕೆ 87 ಸಾವಿರ ಯೂನಿಟ್. ಇಷ್ಟು ದುಡ್ಡು ಕೊಟ್ಟೂ ಒಂದು ಕೊಡ ನೀರು ಜಾಸ್ತಿ ಬರುವುದಿಲ್ಲ.

ಇದಕ್ಕೆ ಪರಿಹಾರ ಜಾಸ್ತಿ ಎಚ್‌ಪಿ ಅಲ್ಲವೇ ಅಲ್ಲ. ಅದು ನಾಲ್ಕು ಇಂಪೆಲ್ಲರ್ (ನೀರು ತಳ್ಳುವ ತಿರುಗುಚಕ್ರ) ಇರುವ ಪಂಪ್, ಒಂದೊಂದಕ್ಕೆ ಸುಮಾರು 35 ಮೀಟರ್. ಒಂದನ್ನು ತೆಗೆದು ಆ ಜಾಗಕ್ಕೆ ಡಮ್ಮಿ ಸ್ಲೀವ್, ಅಂದರೆ ಬರೀ ಕೊಳವೆ, ಹಾಕಿದರೆ 105 ಮೀಟರ್ ಆಗುತ್ತದೆ, ಹಗ್ಗ ಬಿಚ್ಚಬಹುದು, ಮೋಟಾರಿನ ಮೇಲಿನ ಭಾರವೂ ಕಾಲು ಭಾಗ ಇಳಿಯುತ್ತದೆ. ಮಾರ್ಚ್ ಸಂಜೆ ತೋಟದವರೆಲ್ಲ ಒಟ್ಟಿಗೆ ಪಂಪ್ ಹಾಕಿ ವೋಲ್ಟೇಜ್ ಬಿದ್ದಾಗಲೂ ವೈಂಡಿಂಗ್ ಸುಡದೆ ಉಳಿಯುತ್ತದೆ. ಎಸ್ಟಿಮೇಟ್ ಮಾಡುವಾಗ ಸೇಫ್ಟಿಗೆ ಇರಲಿ ಅಂತ ಹೆಡ್ (ನೀರು ಎತ್ತುವ ಎತ್ತರ) ಸೇರಿಸುತ್ತಾ ಹೋಗುತ್ತಾರೆ, ಒಬ್ಬರು 10 ಮೀಟರ್, ಇನ್ನೊಬ್ಬರು 20. ಅದರ ಬಿಲ್ಲನ್ನು ಊರು ವರ್ಷಗಟ್ಟಲೆ ಕಟ್ಟುತ್ತದೆ.

ನನಗೆ ನಿಜವಾಗಿ ಬೇಜಾರಾದದ್ದು ಬೇರೆ. ತಿಂಗಳಿಗೆ ಎಷ್ಟು ಯೂನಿಟ್ ಅಂತ ಕೇಳಿದರೆ ಆ ಹುಡುಗ, "ಬಿಲ್ ಆಫೀಸಿಗೆ ಹೋಗುತ್ತದೆ ಅಣ್ಣಾ, ನಾನು ಯಾವತ್ತೂ ನೋಡಿಲ್ಲ" ಅಂದ. ಎಷ್ಟು ನೀರು ಎತ್ತುತ್ತೀರಿ ಅಂದರೆ ಲಾಗ್‌ಬುಕ್ಕಿನಲ್ಲಿ ಇರುವುದು ಗಂಟೆ ಮಾತ್ರ. ಫ್ಲೋ ಮೀಟರಿನ ಗಾಜು ಮಂಜಾಗಿ ಮುಳ್ಳೇ ಕಾಣುವುದಿಲ್ಲ. ಆಫೀಸಿನಲ್ಲಿ ಬಿಲ್ ಪಾಸ್ ಮಾಡುವವರು ಆ ಹಗ್ಗವನ್ನು ಕಂಡಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವವರು ಯಾರೂ ಇಲ್ಲ. ನಾನು ಕೇಳುವುದು ಇಷ್ಟೇ: ಪ್ರತಿ ಪಂಪ್‌ಹೌಸಿಗೆ ಸರಿಯಾದ ಒಂದು ಫ್ಲೋ ಮೀಟರ್, ಗೋಡೆಗೆ ಒಂದು ಬ್ಲ್ಯಾಕ್‌ಬೋರ್ಡ್, ತಿಂಗಳ ಕೊನೆಗೆ ಅದರ ಮೇಲೆ ಸಾವಿರ ಲೀಟರಿಗೆ ಎಷ್ಟು ಯೂನಿಟ್ ಅಂತ ಒಂದು ಸಂಖ್ಯೆ. ಅದು ಏರಿದ ತಿಂಗಳೇ ಗೊತ್ತಾಗುತ್ತದೆ, ಇಂಪೆಲ್ಲರ್ ಸವೆದಿದೆಯೋ, ಮಳೆಗಾಲದ ಎಲೆ ಕಸ ಕಸ ತಡೆಯುವ ಜಾಲರಿಗೆ (ಸ್ಟ್ರೈನರ್) ಕೂತಿದೆಯೋ, ಯಾರಾದರೂ ವಾಲ್ವ್ ತಿರುಗಿಸಿದ್ದಾರೋ ಅಂತ. 2015ರಲ್ಲಿ ಕೇಂದ್ರದ ಅಮೃತ್ ಯೋಜನೆ ಬಂದಾಗಲೇ ದೊಡ್ಡ ನಗರಗಳಿಗೆ ನೀರಿನ ಆಡಿಟ್, ಎನರ್ಜಿ ಆಡಿಟ್ ಮಾಡಿಸಿ ಎಂದಿದ್ದರು. ನಮ್ಮಂಥ ಸಣ್ಣ ಊರಿಗೆ ಶುರುವಿನಲ್ಲಿ ಬೋರ್ಡು, ಸುಣ್ಣದ ಕಡ್ಡಿ ಸಾಕು.

ಸೋರುವ ನೀರನ್ನೂ ಕರೆಂಟ್ ಅಂತಲೇ ನೋಡಬೇಕು. ಕೇಂದ್ರ ಸರ್ಕಾರ 2008ರಲ್ಲಿ ಕೊಟ್ಟ ಮಾನದಂಡದಲ್ಲಿ ಸೋರಿಕೆಯೂ ಸೇರಿ ದುಡ್ಡು ಬಾರದ ನೀರು 20 ಪರ್ಸೆಂಟ್ ಒಳಗಿರಬೇಕು. ಬಯಲು ಸೀಮೆಯಲ್ಲಿ ಸೋರಿದರೆ ನೀರು ಹೋಯಿತು, ಇಲ್ಲಿ ಗುಡ್ಡ ಹತ್ತಿಸಿ ಸೋರಿಸಿದರೆ ಯೂನಿಟ್ಟೂ ಹೋಯಿತು. ನಮ್ಮಲ್ಲಿ ಇನ್ನೊಂದು ತಪ್ಪೂ ಇದೆ. ಎಲ್ಲ ನೀರನ್ನೂ ತುದಿಯ ಟ್ಯಾಂಕಿಗೆ ಹತ್ತಿಸಿ, ಮತ್ತೆ ತಗ್ಗಿನ ಬಡಾವಣೆಗೆ ಇಳಿಸುತ್ತೇವೆ. ಕೆಳಗಿನವರ ಪೈಪ್ ಪ್ರೆಶರ್‌ಗೆ ಒಡೆಯುತ್ತದೆ, ಮೇಲಿನ ಬೀದಿಗೆ ತೊಟ್ಟು ನೀರಿಲ್ಲ. ತಗ್ಗಿಗೆ ಅರ್ಧ ದಾರಿಯಲ್ಲೇ ಒಂದು ಟ್ಯಾಂಕ್ ಕೊಟ್ಟರೆ ಅಷ್ಟು ನೀರನ್ನು ಮೇಲಕ್ಕೆ ಹತ್ತಿಸುವುದೇ ಬೇಡ. ಕೊಡಗಿನಲ್ಲಿ ಎಷ್ಟೋ ಮನೆಗಳಿಗೆ ಇವತ್ತಿಗೂ ಬೆಟ್ಟದ ತೋಡಿನ ನೀರು ಪೈಪಿನಲ್ಲಿ ತಾನಾಗಿಯೇ ಇಳಿದು ಬರುತ್ತದೆ. ಹಾಗೆ ಬರುವ ನೀರು ಮೊದಲು, ಪಂಪ್ ಆಮೇಲೆ. ನಮ್ಮಲ್ಲಿ ಹುಟ್ಟಿದ ಕಾವೇರಿಯನ್ನು ಬೆಂಗಳೂರಿನವರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಹಂತ ಹಂತವಾಗಿ ಪಂಪ್ ಮಾಡುತ್ತಾರೆ. ಅವರಿಗೆ ಬೇರೆ ದಾರಿಯಿಲ್ಲ. ನಮಗಿದೆ.

ಸ್ಪೀಡ್ ಕಡಿಮೆ ಮಾಡುವ ವಿಎಫ್‌ಡಿ ಪ್ಯಾನೆಲ್ ಹಾಕಿದರೆ ಅರ್ಧ ಬಿಲ್ ಉಳಿಯುತ್ತದೆ ಅಂತ ಮಾರಲು ಬರುವವರಿದ್ದಾರೆ. ಸಮತಟ್ಟು ಜಾಗದಲ್ಲಿ, ಪೈಪಿನ ತಿಕ್ಕಾಟವೇ ಜಾಸ್ತಿ ಇರುವಲ್ಲಿ ಅದು ಒಳ್ಳೆಯದು. ನಮ್ಮ ಗುಡ್ಡದಲ್ಲಿ ಎತ್ತರವೇ ಮುಖ್ಯ, ಸ್ಪೀಡ್ ಇಳಿಸಿದರೆ ಒಂದು ಹಂತದಲ್ಲಿ ನೀರೇ ಮೇಲೆ ಹತ್ತುವುದಿಲ್ಲ. ಸೋಲಾರ್ ಕೂಡ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ನಂಬಲು ಆಗುವುದಿಲ್ಲ.

ಚರಂಡಿ ನೀರಿನ ಬಗ್ಗೆಯೂ ಒಂದು ಮಾತು. ಬ್ಲೋವರ್ ಇಟ್ಟು ಗಾಳಿ ಊದಿ ಶುದ್ಧ ಮಾಡುವ ಘಟಕದಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ಕರೆಂಟ್ ಆ ಊದುವುದಕ್ಕೇ ಹೋಗುತ್ತದೆ. ನೀರಿನಲ್ಲಿ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಇದ್ದರೆ ಸಾಮಾನ್ಯವಾಗಿ ಸಾಕಾಗುತ್ತದೆ. ರಾತ್ರಿ ಕೊಳಚೆ ಕಡಿಮೆಯಾದಾಗಲೂ ಬ್ಲೋವರ್ ಪೂರ್ತಿ ಓಡಿಸುವುದು ದಂಡ. ದಯವಿಟ್ಟು ಯಾರೂ ಮನೆ ಮಾಡಿನ (ಛಾವಣಿಯ) ನೀರಿನ ಪೈಪನ್ನು ಯುಜಿಡಿಗೆ (ಒಳಚರಂಡಿಗೆ) ಸೇರಿಸಬೇಡಿ. ನಮ್ಮ ಮಳೆ ಎಂಥದ್ದು ಅಂತ ಗೊತ್ತಲ್ಲ, ಆ ಶುದ್ಧ ಮಳೆನೀರನ್ನೂ ಕೊಳಚೆ ಅಂತ ಪಂಪ್ ಮಾಡಬೇಕಾಗುತ್ತದೆ, ಮರ ಬಿದ್ದು ಲೈನ್ ಹೋದ ದಿನ ಡೀಸೆಲ್ ಸುಟ್ಟು.

ಬೇಸಿಗೆ ಬಂದರೆ ನೀರಿಲ್ಲ ಅಂತ ನಿಮ್ಮ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ನಿಮ್ಮ ವರದಿಗಾರರು ಮುಂದಿನ ಸಲ ಸಾವಿರ ಲೀಟರಿಗೆ ಎಷ್ಟು ಯೂನಿಟ್ ಅಂತಲೂ ಕೇಳಲಿ.

ಆ ಮೋಟಾರ್ ಕಟ್ಟಿ ಮುಗಿದಿದೆ. ವಾರ್ನಿಶ್ ಒಣಗುತ್ತಿದೆ, ಶುಕ್ರವಾರ ಪಿಕಪ್ ಬರುತ್ತದೆ. ಮುಚ್ಚಳದಲ್ಲಿ ಆರನೇ ತಾರೀಖಿನ ಕೆಳಗೆ ಈ ಸಲ "ಒಂದು ಇಂಪೆಲ್ಲರ್ ತೆಗೆಯಿರಿ" ಅಂತಲೂ ಬರೆದಿದ್ದೇನೆ. ಕರೆದರೆ ನಾನೇ ಬಂದು ತೆಗೆದುಕೊಡುತ್ತೇನೆ, ಕೂಲಿ ಬೇಡ.

— ಮೋಟಾರ್ ರಿವೈಂಡಿಂಗ್ ಕೆಲಸಗಾರ, ದಕ್ಷಿಣ ಕೊಡಗು