ಚಿಗರಿ ಬಸ್ಸಿನ ಅಕ್ಕಾರಿಗೆ

ಹೋದ ತಿಂಗಳು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಚಿಗರಿ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಅಕ್ಕಾರ, ನಿಮ್ಮ ಹೆಸರು ಕೇಳೋದನ್ನೇ ಮರೆತೆ.

ಮೊಡವೆ ಕಲೆಗೆಂದು ಕೆಮಿಕಲ್ ಪೀಲ್, ಅಂದರೆ ದ್ರಾವಣ ಹಚ್ಚಿ ಚರ್ಮದ ಮೇಲ್ಪದರ ಸುಲಿಸುವ ಚಿಕಿತ್ಸೆ, ಮಾಡಿಸಿ ಅವತ್ತಿಗೆ ನಾಲ್ಕನೇ ದಿನ. ಬಾಯಿ ಸುತ್ತ ಚರ್ಮ ಉಳ್ಳಾಗಡ್ಡಿ ಸಿಪ್ಪೆಯಂಗ ಎದ್ದಿತ್ತು. ನನಗೇ ಗೊತ್ತಿಲ್ಲದೆ ಉಗುರಿನಿಂದ ಕೀಳುತ್ತಿದ್ದೆ. ನೀವು ಮೆಲ್ಲಗೆ ಕೈ ಹಿಡಿದು, "ಕೀಳಬ್ಯಾಡ ತಂಗಿ, ತಾನ ಉದುರ್ತೈತಿ. ಕಿತ್ತರ ಕಪ್ಪು ಕಲಿ ಉಳೀತೈತಿ" ಅಂದಿರಿ. ಗಾಜು ಇದ್ದರೂ ಬಿಸಿಲು ಚರ್ಮಕ್ಕೆ ತಟ್ಟುತ್ತದೆಂದು ಕಿಟಕಿ ಸೀಟಿನಿಂದ ಎಬ್ಬಿಸಿ, ಅಲ್ಲಿ ನೀವೇ ಕೂತಿರಿ. ಬಿಸಿಲು ನಿಮ್ಮ ಕೆನ್ನೆ ಮೇಲೆ ಬಿತ್ತು.

ಆಮೇಲೆ ನೀವು ಒಂದೊಂದಾಗಿ ಹೇಳಿದಿರಿ: ಸೋಪು ಬೇಡ, ಸೌಮ್ಯ ಫೇಸ್‌ವಾಶ್ ಸಾಕು. ಒರೆಸದೆ ಒತ್ತಿ ನೀರು ತೆಗಿ. ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚು. ಎಸ್‌ಪಿಎಫ್ (ಬಿಸಿಲಿನಿಂದ ಕಾಪಾಡುವ ಅಳತೆ) 30ಕ್ಕಿಂತ ಕಡಿಮೆ ಇಲ್ಲದ ಸನ್‌ಸ್ಕ್ರೀನ್ ಹಚ್ಚು, ಹೊರಗಿದ್ದರೆ ಎರಡು ತಾಸಿಗೊಮ್ಮೆ. ಗುಳ್ಳೆ ಎದ್ದರೆ, ಕೀವಾದರೆ ತಡಮಾಡದೆ ಡಾಕ್ಟರ್ ಹತ್ತಿರ ಹೋಗು. ಪೀಲ್ ಮಾಡಿದಲ್ಲಿ ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಅವತ್ತು ಸಂಜೆಗೆಂದೇ ಅವ್ವ ಕಡಲೆಹಿಟ್ಟು, ಲಿಂಬೆಹಣ್ಣು ತೆಗೆದಿಟ್ಟಿದ್ದಳು. ಹಸಿ ಚರ್ಮಕ್ಕೆ ಅದನ್ನು ತಿಕ್ಕಿದ್ದರೆ ಏನಾಗುತ್ತಿತ್ತೋ, ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಸಿಪ್ಪೆಯೆಲ್ಲ ತಾನಾಗಿ ಉದುರಿತು, ಹೊಸ ಕಲೆ ಒಂದೂ ಬಿದ್ದಿಲ್ಲ. ಅವತ್ತು ನೀವು ಮೆಂತ್ಯ ಸೊಪ್ಪಿನ ಚೀಲ ಹಿಡಿದು ಜುಬಿಲಿ ಸರ್ಕಲ್‌ನಲ್ಲಿ ಇಳಿದಿರಿ. ಇದು ನಿಮ್ಮ ಕಣ್ಣಿಗೆ ಬಿದ್ದರೆ, ಅಕ್ಕಾರ, ನಿಮಗೆ ಕೈಮುಗಿದು ಧನ್ಯವಾದ.