ಭಾನುವಾರದ ಭೇಟಿ: ಮಕ್ಕಳ ವರದಿಗಳನ್ನು ತನ್ನಿ

ಎಲ್ಲರಿಗೂ ನಮಸ್ಕಾರ.

ಸ್ಪೈನಾ ಬೈಫಿಡಾ (ಗರ್ಭದಲ್ಲೇ ಬೆನ್ನುಮೂಳೆ ಪೂರ್ತಿ ಮುಚ್ಚಿಕೊಳ್ಳದ ತೊಂದರೆ) ಇರುವ ಮಕ್ಕಳ ತಂದೆತಾಯಂದಿರು ಈ ಭಾನುವಾರ ಬೆಳಿಗ್ಗೆ 10.30ಕ್ಕೆ ಕುವೆಂಪುನಗರದ ನಮ್ಮ ಮನೆಯಲ್ಲಿ ಸೇರೋಣ. ಮಂಡ್ಯ, ಶ್ರೀರಂಗಪಟ್ಟಣದಿಂದ ಬರುವವರು ಮೊದಲೇ ತಿಳಿಸಿದರೆ ಬಸ್ ನಿಲ್ದಾಣಕ್ಕೆ ಕಾರು ಕಳಿಸುತ್ತೇವೆ. ಗಾಲಿಕುರ್ಚಿಗೆಂದು ಮೆಟ್ಟಿಲಿಗೆ ಹಲಗೆ ಹಾಕಿಸಿದ್ದೇವೆ.

8 ವರ್ಷ ದಾಟಿದ ಮಕ್ಕಳ ಮನೆಯವರು ತಪ್ಪದೆ ಬನ್ನಿ. ಹುಟ್ಟಿದಾಗ ಬೆನ್ನಿನ ಶಸ್ತ್ರಚಿಕಿತ್ಸೆ ಆದರೆ ಎಲ್ಲವೂ ಮುಗಿಯಿತು ಎಂದು ನಾವೂ ನಂಬಿದ್ದೆವು. ಆದರೆ ಮಗು ಎತ್ತರಕ್ಕೆ ಬೆಳೆಯುವಾಗ, ಹಳೆಯ ಗಾಯದ ಜಾಗಕ್ಕೆ ಅಂಟಿಕೊಂಡ ಬೆನ್ನುಹುರಿ ಜಗ್ಗಬಹುದು. ಆಗ ನಡಿಗೆ ಬದಲಾಗುತ್ತದೆ, ಬೆನ್ನು ನೋಯುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ. ನನ್ನ ಮಗಳ ವಿಷಯದಲ್ಲಿ ಮೊದಲು ಸುಳಿವು ಕೊಟ್ಟದ್ದು ಚಪ್ಪಲಿ: ಎಡಗಾಲಿನದು ಒಂದೇ ಪಕ್ಕ ಸವೆದಿತ್ತು.

ಮೂತ್ರ ಸರಿಯಾಗಿ ಹೊರಹೋಗದೆ ಈ ಮಕ್ಕಳಿಗೆ ಆಗಬಹುದಾದ ಮೂತ್ರಪಿಂಡದ ಹಾನಿಗೆ ಎಷ್ಟೋ ಸಲ ನೋವೇ ಇರುವುದಿಲ್ಲ. ಮಗು ಆಡಿಕೊಂಡಿದ್ದರೂ ಸ್ಕ್ಯಾನಿಂಗ್, ರಕ್ತಪರೀಕ್ಷೆ ಬಿಡಬೇಡಿ. ಹದಿಹರೆಯದವರ ಪಾದ, ಪೃಷ್ಠಗಳನ್ನು ದಿನವೂ ನೋಡಿ. ಸ್ಪರ್ಶ ತಿಳಿಯದ ಕಡೆ ಹುಣ್ಣು ಸದ್ದಿಲ್ಲದೆ ಆಳಕ್ಕಿಳಿಯುತ್ತದೆ.

ಶಂಟ್ (ಮಿದುಳಿನಲ್ಲಿ ತುಂಬುವ ಹೆಚ್ಚಿನ ದ್ರವವನ್ನು ಹರಿಸಲು ಒಳಗೆ ಇಟ್ಟ ಕೊಳವೆ) ಇರುವ ಮಗುವಿಗೆ ತಲೆನೋವು, ವಾಂತಿ, ಮಂಪರು ಕಂಡರೆ ಭಾನುವಾರದವರೆಗೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ತರಬೇಕಾದದ್ದು: ಹಳೆಯ ವರದಿಗಳು, ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಪ್ರತಿ, ಮಗು ಈಗ ಹಾಕುತ್ತಿರುವ ಬೂಟು ಅಥವಾ ಚಪ್ಪಲಿ. ಬಲೂನು ಮಾತ್ರ ದಯವಿಟ್ಟು ಬೇಡ, ಈ ಮಕ್ಕಳಲ್ಲಿ ಲೇಟೆಕ್ಸ್ (ಬಲೂನಿನ ರಬ್ಬರ್) ಅಲರ್ಜಿ ಹೆಚ್ಚು.

ಎಷ್ಟು ಜನ ಬರುತ್ತೀರಿ, ಮಗುವಿನ ವಯಸ್ಸೆಷ್ಟು ಎಂದು ಗುರುವಾರ ಸಂಜೆಯೊಳಗೆ ಇಲ್ಲೇ ಬರೆಯಿರಿ. ಊಟ ನಮ್ಮಲ್ಲೇ.